ನೂರ ಅರವತ್ತೈದು ಹರ್ಟ್ಜ್ ಮರುಮಂಜೂರಾತಿ ಕೋರಿ ಸೊಸೆಗೆ

ಇಂದ,
ತಮ್ಮ ಅತ್ತೆ,
ನಿವೃತ್ತ ಆಂಬುಲೆನ್ಸ್ ಚಾಲಕಿ
(ಸೇವೆ: ಮೂವತ್ತೊಂದು ವರ್ಷ. ಅಪಘಾತ: ಸೊನ್ನೆ. ಆಸ್ಪತ್ರೆಯ ಗೇಟು ಲೆಕ್ಕಕ್ಕಿಲ್ಲ.)
ಕಿಟಕಿ ಪಕ್ಕದ ಕುರ್ಚಿ.

ಗೆ,
ಸೊಸೆಯವರು,
ಮನೆ ನಕ್ಷೆ ತಯಾರಕರು ಹಾಗೂ ಗೇಮಿಂಗ್ ಲ್ಯಾಪ್‌ಟಾಪಿನ ಒಡತಿ,
ಎದುರು ಕೋಣೆ.

ವಿಷಯ: ಲ್ಯಾಪ್‌ಟಾಪ್ ಪರದೆಯ ರಿಫ್ರೆಶ್ ರೇಟನ್ನು ಅರವತ್ತರಿಂದ ನೂರ ಅರವತ್ತೈದು ಹರ್ಟ್ಜ್‌ಗೆ ಮರಳಿ ಏರಿಸಿಕೊಡುವ ಕುರಿತು.

ಉಲ್ಲೇಖ:
೧. ತಾವು ಫ್ರಿಜ್ ಬಾಗಿಲಿಗೆ ಅಂಟಿಸಿದ ಚೀಟಿ: "ಇನ್ನು ಮುಂದೆ ಅರವತ್ತು. ಚರ್ಚೆ ಇಲ್ಲ."
೨. ಸದರಿ ಚೀಟಿಯ ಮೇಲೆ ನಡೆದ ಚರ್ಚೆ, ಎರಡು ಗಂಟೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಎರಡು ವರ್ಷದ ಹಿಂದೆ ಕಣ್ಣಿನ ಡಾಕ್ಟರು ನನ್ನ ಬಲಗಣ್ಣಿನ ಅಂಚಿನ ನೋಟ ಹೋಗಿದೆ, ಇನ್ನು ಸ್ಟೀರಿಂಗ್ ಮುಟ್ಟಬಾರದು ಎಂದರು. ನಾನು ಲೈಸೆನ್ಸ್ ಒಪ್ಪಿಸಿ ಬಂದೆ. ಆಮೇಲಿನ ಎಂಟು ತಿಂಗಳು ಕಿಟಕಿಯಲ್ಲಿ ಕೂತು, ಬೀದಿಯಲ್ಲಿ ಹೋಗುವವರ ಗೇರು ತಪ್ಪುಗಳನ್ನು ಅವರಿಗೆ ಕೇಳಿಸುವಂತೆ ಹೇಳುತ್ತಿದ್ದೆ. ಇಬ್ಬರು ಮನೆ ಬಾಗಿಲಿಗೆ ಬಂದು ಜಗಳವಾಡಿದ ಕಾರಣ ತಾವು ಲ್ಯಾಪ್‌ಟಾಪಿನಲ್ಲಿ ಕಾರು ಓಟದ ಆಟ ಹಾಕಿ, ಒಂದು ಪುಟ್ಟ ಸ್ಟೀರಿಂಗನ್ನೂ ಜೋಡಿಸಿ, ನನ್ನ ಮುಂದಿಟ್ಟಿರಿ. "ಓಡ್ಸಿ ಅತ್ತೆ, ಇಲ್ಲಿ ಯಾರಿಗೂ ಏನೂ ಆಗಲ್ಲ" ಎಂದಿರಿ. ಅಂದು ನಾನು ಮುಖ ತೊಳೆಯಲು ಬಚ್ಚಲಿಗೆ ಹೋದದ್ದು ಮುಖ ತೊಳೆಯಲಿಕ್ಕಲ್ಲ ಎಂಬುದನ್ನು ಈ ಮೂಲಕ ಒಪ್ಪಿಕೊಳ್ಳುತ್ತೇನೆ.

೨. ನಂತರ ಆದದ್ದು ತಮಗೆ ತಿಳಿದೇ ಇದೆ. ಸಾರು ಸೀದಿತು, ನಲ್ಲಿ ಹರಿಯಿತು. ತಮ್ಮ ಪತಿ, ಅಂದರೆ ನನ್ನ ಮಗ, ಊಟ ಕೇಳಿದಾಗ ನಾನು "ಇನ್ನೆರಡು ಸುತ್ತು" ಎಂದೆನಂತೆ. ನನಗೆ ನೆನಪಿಲ್ಲ.

೩. ಹೀಗಿರುವಾಗ, ಕಟ್ಟುತ್ತಿರುವ ಮನೆಯೊಂದಕ್ಕೆ ತಾವು ಹೋಗಿ, ಇನ್ನೂ ಕರೆಂಟು ಬಾರದ ಆ ಜಾಗದಲ್ಲಿ, ಮನೆಯೊಡೆಯರಿಗೆ ಪರದೆಯ ಮೇಲೆ ಅಡುಗೆಮನೆ ತೋರಿಸುತ್ತಿದ್ದಾಗ ಬ್ಯಾಟರಿ ಸತ್ತುಹೋಯಿತು. ಒಡೆಯರು ಕಪ್ಪು ಪರದೆ ನೋಡಿ "ಈ ಬಣ್ಣ ಬೇಡ" ಎಂದರೆಂದು ತಾವೇ ಬಂದು ಹೇಳಿದಿರಿ. ಆ ಬೆಳಿಗ್ಗೆ ಚಾರ್ಜರ್ ಸಿಕ್ಕಿಸದೆ ಒಂಬತ್ತು ಸುತ್ತು ಓಡಿಸಿದವಳು ನಾನೇ.

೪. ಅಂದು ತಾವು ನನಗೆ ಪಾಠ ಮಾಡಿದಿರಿ. ಪರದೆ ನೂರ ಅರವತ್ತೈದರಲ್ಲಿದ್ದರೆ ಸೆಕೆಂಡಿಗೆ ಅಷ್ಟು ಸಲ ಚಿತ್ರ ಬದಲಾಗಬಹುದು, ಅಷ್ಟನ್ನೂ ಬರೆಯಲು ಒಳಗಿನ ಯಂತ್ರ ಬೆವರು ಸುರಿಸಿ ದುಡಿಯುತ್ತದೆ, ಚಾರ್ಜರ್ ಇಲ್ಲದೆ ಆಟ ಐವತ್ತು ನಿಮಿಷ ಬಂದರೆ ಹೆಚ್ಚು. ಅರವತ್ತಕ್ಕಿಳಿಸಿ ಚಿತ್ರಗಳನ್ನೂ ಅಷ್ಟಕ್ಕೇ ಕಟ್ಟಿಹಾಕಿದರೆ ಒಂದೂಕಾಲು ಗಂಟೆ ದಾಟುತ್ತದೆ ಎಂದಿರಿ. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಎಂದೂ ಸೇರಿಸಿದಿರಿ. ಜುಟ್ಟು ಯಾರದೆಂದು ಹೇಳಲಿಲ್ಲ. ಚೀಟಿ ಬಿತ್ತು.

೫. ಅರವತ್ತರಲ್ಲಿ ಮೊದಲ ತಿರುವಿಗೇ ನನಗೆ ರಸ್ತೆ ಕುಂಟಿದಂತಾಯಿತು. ದೂರು ಕೊಟ್ಟೆ. ಆಗ ತಮ್ಮ ಬಾಯಿಂದ ಒಂದು ಮಾತು ಜಾರಿತು: "ನಿಮ್ಮ ಕಣ್ಣಿಗೆ ಅದೆಲ್ಲ ಹೇಗೆ ಗೊತ್ತಾಗುತ್ತೆ ಅತ್ತೆ?"

ಮಾನ್ಯರೇ, ಆ ಮಾತು ನನಗೆ ಚುಚ್ಚಿತು. ಆ ಕಾರಣದಿಂದ, ಪರೀಕ್ಷೆ ನಡೆಯಲೇಬೇಕೆಂದು ಪಟ್ಟು ಹಿಡಿದೆ. ನನ್ನನ್ನು ಗೋಡೆ ಕಡೆ ತಿರುಗಿಸಿ ತಾವು ಹತ್ತು ಸಲ ಹರ್ಟ್ಜ್ ಬದಲಾಯಿಸಿದಿರಿ, ಹತ್ತು ಸಲವೂ ನಾನು ಒಂದೇ ತಿರುವು ಓಡಿಸಿ ಎಷ್ಟೆಂದು ಹೇಳಿದೆ. ಹತ್ತಕ್ಕೆ ಹತ್ತು. ಏಳನೆಯ ಸಲ ನಾನು "ಇದು ಎರಡೂ ಅಲ್ಲ" ಎಂದಾಗ ತಾವು ನಕ್ಕು, ನೂರ ಇಪ್ಪತ್ತು ಇಟ್ಟಿದ್ದೆ ಎಂದು ಒಪ್ಪಿಕೊಂಡು ನನ್ನ ಕೈ ಹಿಡಿದುಕೊಂಡಿರಿ. ನನ್ನ ಕಣ್ಣಿನ ಅಂಚು ಹೋಗಿದೆ, ನಡು ಹೋಗಿಲ್ಲ.

೬. ಆ ವಾರವೇ ಬೀದಿ ಕೊನೆಯ ಕಂಪ್ಯೂಟರ್ ರಿಪೇರಿ ಅಂಗಡಿಯವರು ಓಟದ ಪಂದ್ಯ ಇಟ್ಟರು. ಮೂವತ್ತೆರಡು ಸುತ್ತು, ಸುಮಾರು ಒಂದು ಗಂಟೆ ಐದು ನಿಮಿಷ, ಯಾರೂ ಚಾರ್ಜರ್ ಸಿಕ್ಕಿಸುವಂತಿಲ್ಲ, ಪರದೆ ಆರಿದವರು ಮನೆಗೆ. ನನ್ನ ಹೆಸರು ಬರೆಸಿ ಬಂದವರು ತಾವು. ನೂರ ಅರವತ್ತೈದರಲ್ಲಿ ಓಡಿದರೆ ಬ್ಯಾಟರಿ ಕೊನೆ ಮುಟ್ಟುವುದಿಲ್ಲ, ಅರವತ್ತರಲ್ಲಿ ಓಡಿದರೆ ನಾನು ಮುಟ್ಟುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲ? ತಮ್ಮ ಲ್ಯಾಪ್‌ಟಾಪಿನಲ್ಲಿ ಎರಡು ಕೀಲಿ ಒಟ್ಟಿಗೆ ಒತ್ತಿದರೆ ಹರ್ಟ್ಜ್ ಬದಲಾಗುತ್ತದೆ ಎಂದು ಕಂಡುಹಿಡಿದವರೂ ತಾವೇ. ನೇರ ರಸ್ತೆಗೆ ಅರವತ್ತು, ತಿರುವಿಗೆ ನೂರ ಅರವತ್ತೈದು. ಗೇರಿನಂತೆಯೇ. ನನ್ನ ಎರಡೂ ಕೈ ಸ್ಟೀರಿಂಗಿನಲ್ಲಿ, ಆದ್ದರಿಂದ ಕೀಲಿ ಒತ್ತಲು ತಾವು ನನ್ನ ಪಕ್ಕ ಕೂತಿರಿ.

೭. ಎಂಟು ಮಂದಿ ಸ್ಪರ್ಧಿಗಳು. ನನ್ನ ಎಡಕ್ಕೆ ಹಲ್ಲಿನ ಡಾಕ್ಟರು, ಅವರ ಪರದೆ ಇನ್ನೂರ ನಲವತ್ತರದ್ದು. ಬಲಕ್ಕೆ ಗ್ರಂಥಾಲಯದ ಮೇಡಂ, ಪರದೆಯ ಬೆಳಕನ್ನು ಎಷ್ಟು ತಗ್ಗಿಸಿದ್ದರೆಂದರೆ ಅದು ಆನ್ ಆಗಿದೆಯೋ ಇಲ್ಲವೋ ಎಂದು ನನಗೆ ಅನುಮಾನ ಹುಟ್ಟಿತು. ಓಟ ಶುರುವಾಯಿತು. "ತಿರುವು" ಎನ್ನುತ್ತಿದ್ದೆ, ತಾವು ಏರಿಸುತ್ತಿದ್ದಿರಿ. "ನೇರ" ಎನ್ನುತ್ತಿದ್ದೆ, ಇಳಿಸುತ್ತಿದ್ದಿರಿ. ಹತ್ತನೇ ಸುತ್ತಿನ ಮೇಲೆ ನಾನು ಬಾಯಿ ಬಿಡುವ ಮೊದಲೇ ತಮ್ಮ ಬೆರಳು ಹೋಗುತ್ತಿತ್ತು. ನನ್ನ ಮೂವತ್ತೊಂದು ವರ್ಷದ ಸೇವೆಯಲ್ಲಿ ಅಂಥ ಸಹಾಯಕರು ನನಗೆ ಸಿಕ್ಕಿರಲಿಲ್ಲ ಎಂದು ಇಲ್ಲಿ ದಾಖಲಿಸುತ್ತೇನೆ. ನಲವತ್ತು ನಿಮಿಷವಾಗುವಷ್ಟರಲ್ಲಿ ಪರದೆಗಳು ಒಂದೊಂದಾಗಿ ಆರತೊಡಗಿದವು. ತಮಗೆ ನಗು, ನನಗೂ ನಗು, ಹೊಟ್ಟೆ ಹಿಡಿದುಕೊಳ್ಳಲು ಕೈ ಖಾಲಿ ಇಲ್ಲ.

೮. ಇಪ್ಪತ್ತೈದನೇ ಸುತ್ತಿನಲ್ಲಿ ಮುಂದಿದ್ದ ಹಲ್ಲಿನ ಡಾಕ್ಟರ ಕಾರು ಪಲ್ಟಿಯಾಗಿ ಬಿತ್ತು. ನಾನು ಬ್ರೇಕ್ ಹಾಕಿ ಬದಿಗೆ ನಿಲ್ಲಿಸಿದೆ.

"ಅತ್ತೆ, ಇದು ಆಟ. ಹೋಗಿ" ಎಂದಿರಿ ತಾವು.

"ಒಳಗೆ ಯಾರಾದ್ರೂ ಇದ್ದಾರಾ ನೋಡು" ಎಂದೆ ನಾನು.

ತಾವು ವಾದಿಸಲಿಲ್ಲ. ಬಗ್ಗಿ, ಪರದೆಯನ್ನು ಹತ್ತಿರದಿಂದ ನೋಡಿ, "ಯಾರೂ ಇಲ್ಲ ಅತ್ತೆ, ಎಲ್ಲ ಚೆನ್ನಾಗಿದ್ದಾರೆ" ಎಂದಿರಿ. ಆಗಲೇ ನಾನು ಗಾಡಿ ಎತ್ತಿದ್ದು. ಹನ್ನೊಂದು ಸೆಕೆಂಡು ಹೋಯಿತು. ಅಷ್ಟರಲ್ಲಿ ಬಲಗಡೆಯಿಂದ ಗ್ರಂಥಾಲಯದ ಮೇಡಂ ಸದ್ದಿಲ್ಲದೆ ದಾಟಿಹೋದರು. ಡಾಕ್ಟರು ಕಾರು ಎತ್ತಿಕೊಂಡು ಒಂದು ಸುತ್ತು ಹೋಗುವುದರೊಳಗೆ ಅವರ ಬ್ಯಾಟರಿಯೂ ಮುಗಿಯಿತು.

೯. ಫಲಿತಾಂಶ: ಮೇಡಂ ಪ್ರಥಮ, ಮೊದಲಿಂದ ಕೊನೆವರೆಗೂ ಅರವತ್ತರಲ್ಲೇ ಓಡಿಸಿದ್ದರು, ಬ್ಯಾಟರಿ ಇನ್ನೂ ಶೇಕಡಾ ಹತ್ತೊಂಬತ್ತು ಉಳಿದಿತ್ತು. ನಾವು ದ್ವಿತೀಯ, ಶೇಕಡಾ ಎರಡು. ಉಳಿದ ಆರು ಮಂದಿ ಕಪ್ಪು ಪರದೆ ಮುಂದೆ ಬಿಸ್ಕತ್ತು ತಿನ್ನುತ್ತಿದ್ದರು. ಮೇಡಂ ಅವರ ಫಲಿತಾಂಶವು ನನ್ನ ಈ ಅರ್ಜಿಗೆ ವಿರುದ್ಧವಾದ ಸಾಕ್ಷ್ಯವೆಂದು ನಾನು ಬಲ್ಲೆ. ಆದರೂ ಮುಚ್ಚಿಡುವುದು ನನ್ನ ಇಲಾಖೆಯ ಪದ್ಧತಿಯಲ್ಲ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ, ಚಾರ್ಜರ್ ಸಿಕ್ಕಿಸಿದ ಹೊತ್ತಿನಲ್ಲಿ ಮಾತ್ರ ನೂರ ಅರವತ್ತೈದು, ತೆಗೆದ ಕೂಡಲೇ ಅರವತ್ತು ಎಂಬ ಷರತ್ತಿನ ಮೇಲೆ ಮಂಜೂರು ಮಾಡಬೇಕಾಗಿ ಕೋರುತ್ತೇನೆ.

ಇದೇ ಅರ್ಜಿಯಲ್ಲಿ ಇನ್ನೊಂದು ಕೋರಿಕೆ. ಹೊದಿಕೆ ಹಾಕಿ ನಿಲ್ಲಿಸಿರುವ ನನ್ನ ಕಾರನ್ನು ಮಾರೋಣವೆಂದು ನನ್ನ ಮಗ ಹೇಳುತ್ತಿದ್ದಾನೆ. ತಾವು ಇಂದಿಗೂ ನಕ್ಷೆಗಳನ್ನು ಕಂಕುಳಲ್ಲಿಟ್ಟುಕೊಂಡು ಎರಡು ಬಸ್ಸು ಬದಲಾಯಿಸುತ್ತೀರಿ, ಸ್ಟೀರಿಂಗ್ ಎಂದರೆ ಕೈ ನಡುಗುತ್ತದೆ ಎನ್ನುತ್ತೀರಿ. ಪಂದ್ಯದಲ್ಲಿ ತಮ್ಮ ಕೈಯನ್ನು ಒಂದು ಗಂಟೆ ಪಕ್ಕದಲ್ಲೇ ಕೂತು ನೋಡಿದ್ದೇನೆ. ನಡುಗಲಿಲ್ಲ. ಕಲಿಸುವ ಲೈಸೆನ್ಸ್ ಇರುವ ಡ್ರೈವಿಂಗ್ ಮೇಷ್ಟ್ರು ಮುಂದೆ ಕೂರಲಿ, ನಾನು ಹಿಂದಿನ ಸೀಟಿನಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ಬಾಯಿ ಮುಚ್ಚುವ ಬಗ್ಗೆ ಖಾತ್ರಿ ಕೊಡಲಾಗದು.

ಲಗತ್ತುಗಳು:
೧. ದ್ವಿತೀಯ ಬಹುಮಾನ: ಒಂದು ಮೌಸು (ತಾವೇ ಇಟ್ಟುಕೊಳ್ಳುವುದು).
೨. ಫ್ರಿಜ್ಜಿನಿಂದ ಕಿತ್ತ ಚೀಟಿ, ಗೌರವಪೂರ್ವಕವಾಗಿ ಹಿಂತಿರುಗಿಸಲಾಗಿದೆ.
೩. ಕಲಿಕಾ ಲೈಸೆನ್ಸಿನ ನಮೂನೆ, ತಮ್ಮ ಹೆಸರು ತುಂಬಿದೆ. ಸಹಿಯ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿದೆ.

ತಮ್ಮ ವಿಶ್ವಾಸಿ,
ಅತ್ತೆ

ವಿ.ಸೂ.: ನಾಳೆ ಬೆಳಿಗ್ಗೆ ಹತ್ತಕ್ಕೆ ಲೈಸೆನ್ಸ್ ಕಚೇರಿ ತೆರೆಯುತ್ತದೆ. ಎರಡು ಫೋಟೋ ತರತಕ್ಕದ್ದು.