ಮೂರನೇ ಮಾಳಿಗೆಯ ಗುಂಡಿ

ಜನರನ್ನು ಗುಂಡಿಗೆ ಬೀಳಿಸುವುದು ಸುಲಭ ಎನ್ನುವವರು ಒಮ್ಮೆಯೂ ಬೀಳಿಸಲು ಹೋದವರಲ್ಲ. ನಾನು ಹತ್ತನೇ ಕ್ಲಾಸಿನ ದೀಪಾವಳಿ ರಜೆಯನ್ನು ಇಡಿಯಾಗಿ ಅದಕ್ಕೇ ಸುರಿದವನು. ಗಾಬರಿ ಬೇಡ, ಗುಂಡಿ ಕಾಗದದ್ದು. ಆಗ ನಮಗೊಂದು ಆಟದ ಹುಚ್ಚು ಹಿಡಿದಿತ್ತು. ಸೂತ್ರಧಾರನೊಬ್ಬ ಗ್ರಾಫ್ ಕಾಗದದ ಮೇಲೆ ರಾಕ್ಷಸನ ಗುಹೆ ಬರೆಯುತ್ತಾನೆ. ಉಳಿದವರು ವೀರರಾಗಿ, ಕೇರಂ ಕಾಯಿಗಳನ್ನು ಚೌಕದಿಂದ ಚೌಕಕ್ಕೆ ದೂಡುತ್ತ ನಿಧಿ ಹುಡುಕುತ್ತಾರೆ. ಸೂತ್ರಧಾರ, ಬೇರೆ ಯಾರು, ನಾನೇ. ವೀರರು ಇಬ್ಬರು: ಕೋಪರಿಯಿಂದ ಲೋಕಲ್ ರೈಲು ಹಿಡಿದು ನಮ್ಮ ಡೊಂಬಿವಲಿಗೆ ಬರುವ ಮಂಗೇಶ, ಮತ್ತು ವಾಶಿಯ ಚಿಕ್ಕಮ್ಮನ ಮಗಳು ಸುಮಾ. ಸುಮಾಳ ವೀರನ ಕೈಯಲ್ಲಿ ಉದ್ದನೆಯ ಕೋಲು. ಕುಟ್ಟಿ ನೋಡದೆ ಅವಳು ಯಾವ ಚೌಕಕ್ಕೂ ಕಾಲಿಡಳು. ಹೀಗಾಗಿ ನನ್ನ ಒಂದು ಗುಂಡಿಗೂ ಅಲ್ಲಿಯವರೆಗೆ ಯಾರೂ ಬಿದ್ದಿರಲಿಲ್ಲ. ಕೊನೆಗೆ ಮಂಗೇಶ ಹೇಳಿಯೇಬಿಟ್ಟ: "ಅಗಲೇ ಸಂಡೇ ಕೋಯಿ ನಹೀ ಗಿರಾ ನಾ, ತೋ ಗೇಮ್ ಮೈ ಚಲಾಯೇಗಾ." ಅಂದರೆ ಮುಂದಿನ ಭಾನುವಾರವೂ ಯಾರೂ ಬೀಳದಿದ್ದರೆ ಆಟ ನಡೆಸುವವನು ಅವನೇ, ನನ್ನ ಪಟ್ಟ ಹೋಯಿತು.

ಹೊಸ ಗುಂಡಿಯ ಮುಚ್ಚಳವನ್ನು ಕೋಲಿಗೆ ಜಗ್ಗದಂತೆ, ಮನುಷ್ಯನ ಭಾರಕ್ಕೆ ಮಾತ್ರ ತೆರೆಯುವಂತೆ ಮಾಡಿದೆ. ತಳದಲ್ಲಿ ಭರ್ಚಿಗಳ ಬದಲು ಸಾಲುಸಾಲು ತುರಿಮಣೆ ನೆಟ್ಟೆ, ಹಲ್ಲು ಮೇಲಕ್ಕೆ. ಉಳಿದದ್ದು ಜಾಗದ ಪ್ರಶ್ನೆ. ಕಾಲು ಖಂಡಿತ ಬೀಳುವುದು ಎಲ್ಲಿ? ಸಂಶೋಧನೆಗೆಂದು ನಮ್ಮ ಬಾಗಿಲಲ್ಲಿ ಕೂತು, ಮೂರನೇ ಮಾಳಿಗೆಯ ಪ್ಯಾಸೇಜಿನಲ್ಲಿ ಓಡಾಡುವ ಕಾಲುಗಳನ್ನು ನೋಡತೊಡಗಿದೆ.

"ಏನ್ ತಮ್ಮಾ, ಮಂದಿ ಕಾಲ್ ನೋಡ್ಲಿಕ್ಕತ್ತಿ?" ಎಂದರು ಪಕ್ಕದ ಮನೆಯ, ವಿಜಾಪುರದ ಕಡೆಯ ಶಾಂತವ್ವ.

"ಸ್ಟಡಿ ಮಾಡ್ತಿದ್ದೇನೆ ಆಂಟಿ."

"ಚಪ್ಪಲಿ ಕದಿಯಾಂವ ಇದ್ದಿ ತಗೋ."

ಹೀಗೆಂದು ಅವರು ನೀರಿನ ಡ್ರಮ್ಮಿನ ಬಳಿ ಒಂದು ಲಾದಿಯನ್ನು, ಎಂದರೆ ನೆಲದ ಹಾಸುಗಲ್ಲನ್ನು, ತುಳಿಯದೆ ದಾಟಿ ಹೋದರು. ಹಿಂದೆ ಬಂದ ಪೇಪರಿನವನೂ ಅದನ್ನೇ ದಾಟಿದ. ಹೆಗಲ ಮೇಲೆ ಸಿಲಿಂಡರ್ ಹೊತ್ತು, ಕಾಲ ಬುಡ ಕಾಣದವನೂ ದಾಟಿದ. ಅಂಬೆಗಾಲಿಡುವ ಶಾಂತವ್ವನ ಮೊಮ್ಮಗಳು ಅಲ್ಲಿಗೆ ಬಂದು, ಒಂದು ಕ್ಷಣ ನಿಂತು, ಸುತ್ತಿಕೊಂಡು ಹೋದಳು. ಈ ಬರಹದಲ್ಲಿ ನಾನು ಎಷ್ಟೋ ಸಂಗತಿಗಳನ್ನು ಹಿಗ್ಗಿಸಿದ್ದೇನೆ. ಇದನ್ನು ಹಿಗ್ಗಿಸಿಲ್ಲ.

"ಅಮ್ಮಾ, ನೀನು ಆ ಲಾದಿ ಯಾಕೆ ದಾಟುದು?"

"ಯಾವ ಲಾದಿ? ನಾನೆಲ್ಲಿ ದಾಟ್ತೇನೆ ಮಾರಾಯ?" ಎಂದವಳು ಕೊಡ ಹಿಡಿದು ಹೋಗಿ ಬಂದಳು. ಎರಡು ಸಲವೂ ದಾಟಿದಳು.

ಲಾದಿಯ ಕೆಳಗೆ ಏನಿದ್ದೀತು, ಎರಡನೇ ಮಾಳಿಗೆಯ ಪ್ಯಾಸೇಜು ತಾನೆ? ಇಳಿದು ಹೋಗಿ ಕತ್ತೆತ್ತಿ ನೋಡಿದೆ. ಸುಣ್ಣ ಬಳಿದ ಬರೀ ಛಾವಣಿ. ಅದರ ನೇರ ಕೆಳಗೆ ನಾನೂ ನಿಂತಿರಲಿಲ್ಲ ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು.

ಬೇರೆ ಯಾರಾದರೂ ಆಗಿದ್ದರೆ ಹೆದರುತ್ತಿದ್ದರು. ನಾನು ಗ್ರಾಫ್ ಕಾಗದ ತೆಗೆದು ನಮ್ಮ ಪ್ಯಾಸೇಜನ್ನೇ ರಾಕ್ಷಸನ ದಾರಿಯಾಗಿ ಬರೆದೆ. ಆ ಒಂದು ಲಾದಿ ಗಟ್ಟಿ ನೆಲ, ಸುತ್ತಲಿನದೆಲ್ಲ ಗುಂಡಿ.

ಭಾನುವಾರ ಮಂಗೇಶನ ಕಾಯಿ ಸರಿಯುತ್ತ ಬಂದು, ಆ ಚೌಕವನ್ನು ತಪ್ಪಿಸಿ ಪಕ್ಕಕ್ಕೆ ಹೋಗಿ, ಬಿತ್ತು. ಸುಮಾ ಕುಟ್ಟಿದಳು, ಕುಟ್ಟಿದಳು, ಬಿದ್ದಳು.

"ಮೋಸ. ಎಲ್ಲ ಚೌಕ ಕುಟ್ಟಿದ್ದೇನೆ ನಾನು."

"ಇದೊಂದನ್ನು ಬಿಟ್ಟು," ಎಂದೆ. ಕೋಲು ಕೂಡ ಅದನ್ನು ಮುಟ್ಟಿರಲಿಲ್ಲ.

ಅಲ್ಲಿಗೆ ಬಾಯಿ ಮುಚ್ಚಿದ್ದರೆ ಪಟ್ಟ ನಿಶ್ಚಿಂತೆಯಿಂದ ಉಳಿಯುತ್ತಿತ್ತು. ಆದರೆ ಇಷ್ಟು ಚಂದದ ವಿನ್ಯಾಸವನ್ನು ವಿವರಿಸದೆ ಇರಲು ನನ್ನಿಂದಾಗಲಿಲ್ಲ. ಎಲ್ಲ ಹೇಳಿದೆ. ಇಬ್ಬರೂ ಬಾಗಿಲಿನತ್ತ ನೋಡಿದರು.

"ಹಮ್ ಭೀ?" ಎಂದ ಮಂಗೇಶ.

"ಬರುವಾಗ ದಾಟಿಯೇ ಬಂದಿರಿ."

ಅವರಿಬ್ಬರೂ ಕೈ ಕೈ ಹಿಡಿದು ಮೆಟ್ಟಿಲಿನವರೆಗೆ ಓಡಿದರು, ಸುಮಾ ತನ್ನ ಚಪ್ಪಲಿಯನ್ನೂ ಬಿಟ್ಟು.

ಮುಂದಿನ ಭಾನುವಾರ ಬೆಳಿಗ್ಗೆ ಮಂಗೇಶನ ಫೋನು: ಆಟ ಇನ್ನು ಅವನ ಮನೆಯಲ್ಲಿ, ಸೂತ್ರಧಾರ ನಾನೇ, ಆದರೆ ನಾನು ಬರದಿದ್ದರೆ ಅವನು. ನಾನು ತಲೆ ಬಾಚಿ, ಗುಹೆಯ ನಕ್ಷೆಗಳನ್ನು ಕಂಕುಳಲ್ಲಿಟ್ಟು ಹೊಸ್ತಿಲಿಗೆ ಬಂದೆ. ನಿಂತೆ.

"ಎಂಥದು, ಹೋಗುದಿಲ್ವಾ?" ಒಳಗಿನಿಂದ ಅಮ್ಮ.

ಆ ಲಾದಿಯ ಮೇಲೆ ಕಾಲಿಡಲು ನನಗೆ ಧೈರ್ಯವಿರಲಿಲ್ಲ. ಉಳಿದ ಲಾದಿಗಳ ಕೆಳಗೆಲ್ಲ ಗುಂಡಿ ತೋಡಿದವನು ನಾನೇ, ಮತ್ತು ನನ್ನ ಕೆಲಸ ಎಂಥದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಈಗ ಗೇಮ್ ಮಂಗೇಶ ಚಲಾಯಿಸುತ್ತಾನೆ.