ಬೀಗರು ಕೊಟ್ಟ ಇಗ್ವಾನಾ

ನಾನು ತಿರುಗದ ದೇಶ ಕಡಿಮೆ. ಒಂದು ಕಡೆ ಪಾಸ್‌ಪೋರ್ಟ್ ಕಳೆದುಕೊಂಡಿದ್ದೇನೆ, ಇನ್ನೊಂದು ಕಡೆ ಭಾಷೆಯೇ ಬಾರದ ಊರಲ್ಲಿ ಹಲ್ಲು ಕೀಳಿಸಿಕೊಂಡಿದ್ದೇನೆ. ಎಲ್ಲೂ ತಾಳ್ಮೆ ಕೆಟ್ಟಿಲ್ಲ. ಮದ್ದೂರಲ್ಲಿ ಇಳಿದು ನಮ್ಮವರ ಮನೆಗೆ ಕಾಲಿಟ್ಟರೆ ಸಾಕು, ರಕ್ತ ಕುದಿಯುವಂಥದ್ದು ಏನಾದರೊಂದು ಕಾದಿರುತ್ತದೆ. ಈ ಸಲ ಅದು ಗಾಜಿನ ಪೆಟ್ಟಿಗೆಯಲ್ಲಿ ಕಾದಿತ್ತು.

ಗಾಜಿನ ಪೆಟ್ಟಿಗೆ

ದುದ್ದದಲ್ಲಿ ನನ್ನ ಅಣ್ಣನ ಮನೆ. ಅವನ ಮಗನ ಮದುವೆಯಲ್ಲಿ ಮಳವಳ್ಳಿಯ ಬೀಗರು ಅಳಿಯನಿಗೆ ಕೊಟ್ಟ ಉಡುಗೊರೆ ಒಂದು ಇಗ್ವಾನಾ. ಹಸಿರು ಮೈ, ಬೆನ್ನುದ್ದಕ್ಕೂ ಮುಳ್ಳು, ಚಾಟಿಯಂಥ ಬಾಲ. ಸಮುದ್ರದಾಚೆಯ ಕಾಡಿನದು. ಚಿನ್ನ ಎಲ್ಲರೂ ಕೊಡ್ತಾರೆ, ಇದು ಜಿಲ್ಲೆಯಲ್ಲೇ ಇನ್ಯಾರ ಮನೆಯಲ್ಲೂ ಇಲ್ಲ ಅನ್ನುವುದು ಬೀಗರ ಜಂಬ. ‘ನಮ್ಮ ಉಡದ ಜಾತೀದೇ’ ಅನ್ನುವುದು ಅಣ್ಣನ ಪ್ರಾಣಿಶಾಸ್ತ್ರ.

ನಾನು ಹೋಗುವ ಹೊತ್ತಿಗೆ ಅದು ಹಿಂಗಾಲು ಎಳೆಯುತ್ತಿತ್ತು. ಮುಂದೆ ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ಕೈಮ.

“ಅಣ್ಣಯ್ಯ, ಇದು ಸೊಪ್ಪು ತಿನ್ನೋ ಪ್ರಾಣಿ!”

“ಬಂಡೂರು ಕುರೀದು ಕಣವ್ವ. ನಮ್ಗೇ ಸಿಗಾಕಿಲ್ಲ, ಇದ್ಕೆ ಆಕ್ತಾ ಇವ್ನಿ.”

“ಸಾಯ್ತದೆ. ಸೊಪ್ಪು ಹಾಕು.”

ಅಣ್ಣ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ಬೀಗ್ರ ಕಡೆಯಿಂದ ಬಂದಿರೋದ್ಕೆ ಸೊಪ್ಪು ಆಕಕಾಯ್ತದಾ? ನೋಡ್ದೋರು ಏನಂದಾರು?”

ಮನೆ ನೋಡುವ ಶಾಸ್ತ್ರ

ಕಡಲ ದಂಡೆಯಲ್ಲಿ ಇಂಥ ಪ್ರಾಣಿಗಳಿಗೆಂದೇ ಒಂದು ಆಶ್ರಯಧಾಮವಿದೆ. ಶೋಕಿಗೆ ತಂದು, ಬೇಜಾರಾದಾಗ ಬಿಸಾಕಿದ ಹೊರದೇಶದ ಜೀವಗಳನ್ನು ಸಾಕುತ್ತಾರೆ. ಅಲ್ಲಿನ ಡಾಕ್ಟರಮ್ಮನಿಗೆ ಫೋನ್ ಮಾಡಿದರೆ, “ತಡ ಮಾಡಿದರೆ ಉಳಿಯಲ್ಲ, ಬೇಗ ತನ್ನಿ” ಅಂದರು.

ಅಣ್ಣ ಒಪ್ಪಲಿಲ್ಲ. ಬೀಗರು ಕೊಟ್ಟದ್ದನ್ನು ಅವರ ಮಾತಿಲ್ಲದೆ ಹೊಸಿಲು ದಾಟಿಸುವಂತಿಲ್ಲವಂತೆ. ಮಳವಳ್ಳಿಗೆ ಹೋದೆ. ಹುಡುಗಿಯ ಅಪ್ಪ ಮೀಸೆ ತೀಡುತ್ತಾ ಕೂತರು.

“ಕಳ್ಸನ ಬುಡಿ ಬೀಗಿತ್ತಿ. ಆದ್ರೆ ಮನೆ ನೋಡ್ದೆ ಎಂಗೆ ಕಳ್ಸದು? ನಾನೇ ಬತ್ತೀನಿ.”

ಪ್ರಾಣ ಹೋಗುತ್ತಿರುವ ಹಲ್ಲಿಗೆ ಇವರು ಸಂಬಂಧ ಕುದುರಿಸಲು ಹೊರಟಿದ್ದರು! ಎರಡೂ ಮನೆಯವರು ಒಂದು ಟೆಂಪೊ ತುಂಬಾ ಹತ್ತಿದರು. ಪೆಟ್ಟಿಗೆ ನನ್ನ ತೊಡೆಯ ಮೇಲೆ. ಅದಕ್ಕೆ ಬೆಚ್ಚಗಿರಬೇಕು ಎಂದು ನಾನು ಎ.ಸಿ. ಆರಿಸಿಬಿಟ್ಟೆ. ಘಾಟಿ ಇಳಿಯುವಷ್ಟರಲ್ಲಿ ಎಲ್ಲರ ಶರಟೂ ಒದ್ದೆ.

“ಲೇ, ನಿನ್ ತಂಗಿ ಒಂದು ಉಡಕ್ಕೋಸ್ಕರ ನಮ್ನೆಲ್ಲ ಬೇಯಿಸ್ತಾವ್ಳೆ ಕಣ್ಲಾ” ಅಂದ ಅಣ್ಣನ ಷಡ್ಡಕ, ನನಗೆ ಕೇಳುವಂತೆಯೇ.

“ಬೆಂದ ಮೇಲೆ ಹೇಳಿ, ಮಸಾಲೆ ಹಾಕ್ತೀನಿ” ಅಂದೆ.

ಬೋಳು ಗಿಳಿ

ಬೀಗರು ಆಶ್ರಯಧಾಮವನ್ನು ಥೇಟ್ ಗಂಡಿನ ಮನೆ ನೋಡುವ ಹಾಗೆ ನೋಡಿದರು. ನಲ್ಲಿ ತಿರುಗಿಸಿದರು. ಚಾವಣಿ ತಟ್ಟಿದರು. ಪಕ್ಕದ ಗೂಡಿನಲ್ಲಿರೋರು ಎಂಥೋರು ಎಂದು ವಿಚಾರಿಸಿದರು. ಅಲ್ಲಿದ್ದದ್ದು ಒಂದು ದೊಡ್ಡ ಮಕಾವ್ ಗಿಳಿ. ಎದೆಯ ಮೇಲೆ ಒಂದು ಪುಕ್ಕವೂ ಇಲ್ಲ.

“ಏನವ್ವ, ಇಲ್ಲಿ ಒಟ್ಟೆಗೆ ಸರ್ಯಾಗಿ ಆಕಾಕಿಲ್ವಾ?” ಡಾಕ್ಟರಮ್ಮನನ್ನೇ ತರಾಟೆಗೆ ತೆಗೆದುಕೊಂಡರು.

“ಇಲ್ಲಿ ಅಲ್ಲ ಸಾರ್. ಯಾರೋ ಮನೆ ಅಂದಕ್ಕೆ ಅಂತ ಒಂಟಿಯಾಗಿ ಕೂಡಿಹಾಕಿದ್ರು. ತನ್ನ ಪುಕ್ಕ ತಾನೇ ಕಿತ್ಕೊಂಡಿದೆ.”

ಗಿಳಿ ನಮ್ಮ ಕಡೆ ತಿರುಗಲೂ ಇಲ್ಲ. ನನ್ನ ಬಾಯಿಗೆ ಬಂದದ್ದು ಅಳುವಲ್ಲ, ಬೈಗುಳ. ಬೀಗರು ಬಹಳ ಹೊತ್ತು ನೋಡಿ, ಬೇಸರದಿಂದ ತಲೆಯಾಡಿಸಿದರು. “ಥೂ, ಎಂಥ ಜನ ಇರ್ತಾರೆ!” ನಾನು ಅವರನ್ನೊಮ್ಮೆ, ಪೆಟ್ಟಿಗೆಯನ್ನೊಮ್ಮೆ ನೋಡಿದೆ. ಅವರಿಗೆ ತಟ್ಟಲಿಲ್ಲ.

ಅಷ್ಟರಲ್ಲಿ ಡಾಕ್ಟರಮ್ಮ ಇಗ್ವಾನಾದ ದವಡೆ ಮುಟ್ಟಿ ನೋಡಿ ತಲೆಯೆತ್ತಿದರು. “ಮಾಂಸ ಹಾಕಿದ್ದು ಯಾರು?”

ಅಣ್ಣ ಬೀಗರನ್ನು ನೋಡಿದ. “ನಿಮ್ಮ ಮರ್ವಾದೆಗೇ ಆಕ್ದೆ ಕಣ್ರೀ.”

“ನಾನು ಕೇಳಿದ್ನಾ? ಅಂಗ್ಡಿಯೋನು ಬರೀ ಸೊಪ್ಪು ಆಕಿ ಅಂತ್ಲೇ ಯೋಳಿದ್ದ!”

“ಮತ್ಯಾಕೆ ಹೇಳಲಿಲ್ಲ?” ನಾನು ಕಿರುಚಿದೆ. ಗಿಳಿ ಕೂಡ ಆಗ ತಿರುಗಿತು.

“ಅದೆಂಗ್ ಯೋಳದು ಬೀಗಿತ್ತಿ? ಖರ್ಚು ಮಾಡ್ಬೇಡಿ, ಸೊಪ್ಪು ಆಕಿ ಅಂದ್ರೆ ಬೀಗ್ರನ್ನ ಬಡವ್ರು ಅಂದಂಗಾಗಾಕಿಲ್ವಾ?”

ಹೊಸತೊಡಕು

ಇಗ್ವಾನಾ ಅಲ್ಲೇ ಉಳಿಯಿತು. ಯುಗಾದಿಯ ಮರುದಿನ ಡಾಕ್ಟರಮ್ಮನ ಫೋನ್ ಬಂತು. ನಾನು ಯಾವುದೋ ವಿಮಾನ ನಿಲ್ದಾಣದ ಸಾಲಿನಲ್ಲಿದ್ದೆ. ಸಾಲು ಬಿಟ್ಟು ಪಕ್ಕಕ್ಕೆ ಬಂದೆ.

“ಇಗ್ವಾನಾ ಚೆನ್ನಾಗಿದೆ ಮೇಡಂ, ಮರ ಹತ್ತುತ್ತೆ. ಆದರೆ ಗೇಟ್ ಹತ್ರ ನಿಮ್ಮವರು ಬಂದಿದಾರೆ. ದೊಡ್ಡ ದೊಡ್ಡ ಡಬರಿ ಇಳಿಸ್ತಿದಾರೆ. ನಾವು ಈಗ ಬೀಗರಂತೆ.”

ಯುಗಾದಿಯ ಮರುದಿನ ಹೊಸತೊಡಕು. ನಮ್ಮ ಕಡೆ ಬಾಡೂಟವಿಲ್ಲದ ಮನೆ ಇರುವುದಿಲ್ಲ. ಫೋನನ್ನು ಅಣ್ಣನಿಗೆ ಕೊಡಿಸಿದೆ.

“ಅಣ್ಣಯ್ಯ! ಅದರ ಬಾಯಿಗೆ ಒಂದು ಚೂರು ಬಾಡು ಇಟ್ಟರೂ ನಿನ್ನ ಕೈ ಮುರೀತೀನಿ!”

“ಅಯ್ಯೋ, ನಮ್ಗೆ ಬುದ್ಧಿ ಬಂದದೆ ಕಣವ್ವ. ಅದ್ಕೆ ಒಂದು ಒರೆ ನುಗ್ಗೆಸೊಪ್ಪು ತಂದಿವ್ನಿ. ಬಾಡು ಡಾಕ್ಟರಮ್ಮಂಗೆ.”

ಸದ್ಯ, ಬದುಕಿತು ಅಂದುಕೊಂಡೆ. ಹಿಂದಿನಿಂದ ಡಾಕ್ಟರಮ್ಮನ ಸಣ್ಣ ದನಿ ಕೇಳಿಸಿತು. “ನಾನು ಮಾಂಸ ತಿನ್ನಲ್ಲ ಅಂತ ಆವಾಗಿಂದ ಹೇಳ್ತಾನೇ ಇದೀನಿ...”

ಅಣ್ಣ ಫೋನಿಗೆ ಬಾಯಿ ಹತ್ತಿರ ತಂದು ಪಿಸುಗುಟ್ಟಿದ. “ಸಂಕೋಚ ಪಡ್ತಾವ್ರೆ, ನೀನೇ ಒಂದ್ ಮಾತು ಯೋಳವ್ವ. ಬೀಗ್ರಿಗೆ ಸೊಪ್ಪು ಆಕಕಾಯ್ತದಾ?”