ಗಿಡ್ಡ ಗಳಕ್ಕೆ ಸುತ್ತಿದ ತಾಮ್ರ

ರೇಡಿಯೋ ಹುಚ್ಚಿನವನ ಮನೆಗೆ ನಗೆಪಾಟಲು ತಾನೇ ನಡೆದು ಬರುತ್ತದೆ. ಮುಂಬಾಗಿಲು ಹಾಕಿಕೊಂಡರೆ ಹಿತ್ತಲಿಂದ ಬರುತ್ತದೆ.

ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ನಾನು ಹೊಸಪೇಟೆಯಲ್ಲಿ ಸೈನ್ಸ್ ಮೇಷ್ಟ್ರು, ಸರ್ಕಾರದ ಪರವಾನಗಿ ಇದ್ದ ಹವ್ಯಾಸಿ ರೇಡಿಯೋದವನು. ಸಂಡೂರಿನ ನನ್ನ ಬಾಲ್ಯದ ಗೆಳೆಯ, ತನ್ನವ್ವನನ್ನು ಊರಲ್ಲೇ ಬಿಟ್ಟು, ಕೊಲಂಬೋದಲ್ಲಿದ್ದ. ಭಾನುವಾರ ಬೆಳಿಗ್ಗೆ ಅವನು ಮೋರ್ಸ್ ಕುಟ್ಟಿ ಕರೆದರೆ ನನಗೆ ಕೇಳುತ್ತಿತ್ತು. ನನ್ನ ಉತ್ತರ ಮಾತ್ರ ಅವನಿಗೆ ಮುಟ್ಟುತ್ತಿರಲಿಲ್ಲ. ಕಡೆಗೆ ಕಾಗದ ಬರೆದ: "ಬರೋ ಭಾನುವಾರ ಒಂದ್ಸಲ ಕರೀತೀನಿ. ನೀ ಸಿಗಲಿಲ್ಲಂದ್ರ ಸೆಟ್ ಮಾರಿಬಿಡ್ತೀನಿ."

೧. ಅವ್ವನ ಆಸೆ

ರೇಡಿಯೋದ ಏರಿಯಲ್ ತಂತಿ ಏರಿಸಲು ಎತ್ತರದ ಗಳ ಬೇಕು. ಕಂಪ್ಲಿಯಿಂದ ತರಿಸಿದ ಬಿದಿರು ಮಾಳಿಗೆ ದಾಟಿದ್ದೇ ಹೆಚ್ಚು. ಅದಕ್ಕೂ ಉಪಾಯವಿದೆ: ಬುಡದಲ್ಲಿ ತಾಮ್ರದ ಸುರುಳಿ ಸುತ್ತಿದರೆ ಗಿಡ್ಡ ಗಳವೂ ಉದ್ದದ್ದರ ಕೆಲಸ ಮಾಡುತ್ತದೆ. ಅವ್ವನಿಗೆ ಇದನ್ನು ವಿವರಿಸಿದೆ.

ಐದಡಿಯ ನನ್ನನ್ನು ಅವ್ವ ಮೇಲಿಂದ ಕೆಳಗೆ ನೋಡಿದಳು. "ಮೊದಲ ಹೇಳಬಾರದೇನೋ? ನೀ ಕೂಸಿದ್ದಾಗ ಸೊಂಟಕ್ಕೊಂದು ಸುತ್ತಿರತಿದ್ನಲ್ಲೋ!"

೨. ತಳ

ಸುರುಳಿ ಸುತ್ತಲು, ಗಳದ ಬುಡಕ್ಕೆ ತೊಡಿಸುವ ದುಂಡನೆಯ ಬುಟ್ಟಿಯಂಥದ್ದು ಬೇಕಿತ್ತು. ಹಂಪಿಗೆ ಹೋಗಿ, ಬಿದಿರಿನ ದುಂಡು ದೋಣಿ ಹರಗೋಲು ಹೆಣೆಯುವವನ ಪಕ್ಕ ಹೊಳೆದಂಡೆಯಲ್ಲಿ ಕೂತೆ. ಬಂಡೆಗಳ ನಡುವೆ ನೀರು ಮೆಲ್ಲಗೆ ಸಾಗುತ್ತಿತ್ತು. ನನ್ನ ಮಾತೂ ಹೀಗೇ ತೇಲುತ್ತ ಸಮುದ್ರ ದಾಟಿದಂತೆ ಕನಸು ಕಾಣುತ್ತಿದ್ದೆ.

"ಇದರಾಗ ಎಷ್ಟು ಮಂದಿ ಕುಂದ್ರತೀರ್ರಿ?" ಎಂದ ಹೆಣೆಯುವವ.

"ಮಂದಿ ಅಲ್ಲಪ್ಪಾ, ಮಾತು ಹೋಗ್ತದ. ಕೊಲಂಬೋಕ್ಕ. ತಳ ಬ್ಯಾಡ."

ಅವನು ಕೈ ನಿಲ್ಲಿಸಿದ. "ಅಷ್ಟು ದೂರ ತಳಾ ಇಲ್ದ ಕಳಸಬ್ಯಾಡ್ರಿ ಸ್ವಾಮಿ, ಪಾಪ!" ಬೇಡ ಬೇಡವೆಂದರೂ ತಳ ಹೆಣೆದೇ ಕೊಟ್ಟ. ಮನೆಗೆ ಬಂದು ಅದನ್ನು ಕೊಯ್ಯುವಷ್ಟರಲ್ಲಿ ನನ್ನ ಬೆರಳನ್ನೂ ಕೊಯ್ದುಕೊಂಡೆ.

೩. ಹಸಿನೂಲು

ಲೆಕ್ಕದ ಪ್ರಕಾರ ಐವತ್ತು ಸುತ್ತು ಬೇಕು. ನಲವತ್ತಾರಕ್ಕೇ ತಂತಿ ಮುಗಿಯಿತು. ಶಕ್ತಿ ಗಳಕ್ಕೆ ಏರಿದರೆ ಬೆಳಗಬೇಕಾದ ಪುಟ್ಟ ಬಲ್ಬು ಮಿಣಮಿಣ ಎಂದಿತಷ್ಟೆ.

ಮರುದಿನವೇ ಆ ಭಾನುವಾರ, ಮೇಲೆ ಕಾರಹುಣ್ಣಿಮೆ. ಮುತ್ತೈದೆಯರು ಆಲದ ಮರಕ್ಕೆ ನೂಲು ಸುತ್ತುವ ದಿನ. ಮರ ದೂರವಾದ್ದರಿಂದ ಕೊಂಬೆ ತಂದು ಹಿತ್ತಲಲ್ಲಿ ಪೂಜಿಸುವುದು ನಮ್ಮ ಓಣಿಯ ರೂಢಿ. ನಾನು ಸ್ನಾನ ಮುಗಿಸಿ ಬಂದು ನೋಡುತ್ತೇನೆ: ಕೊಂಬೆಯನ್ನು ನನ್ನ ಗಳಕ್ಕೇ ಕಟ್ಟಿ, ಏಳು ಮಂದಿ ಹೆಂಗಸರು ಸುರುಳಿಯ ಮೇಲೆಯೇ ಅರಿಶಿನದ ನೀರಲ್ಲಿ ಅದ್ದಿದ ಹಸಿನೂಲು ಸುತ್ತಿ ಮುಗಿಸಿದ್ದಾರೆ!

"ಅಯ್ಯೋ ನನ್ನ ಸುರುಳಿ!" ಎಂದು ಕತ್ತರಿ ಹಿಡಿದು ಓಡಿದೆ.

ಹೆಂಡತಿ ಅಡ್ಡ ನಿಂತಳು. "ನಿಮ್ಮ ಆಯುಷ್ಯಕ್ಕಂತ ಸುತ್ತೀವ್ರಿ. ಕತ್ತರಿಸ್ರಿ ನೋಡೋಣು!"

ಯಾವ ಗಂಡಸು ಕತ್ತರಿಸಿಯಾನು? ಹೊತ್ತು ಮೀರುತ್ತಿತ್ತು. ಹೆಂಗಸರನ್ನೆಲ್ಲ ಒಳಗೆ ಕಳಿಸಿ, ಆದದ್ದಾಗಲಿ ಎಂದು ಮೋರ್ಸ್ ಕುಟ್ಟುವ ಕೀಲಿ ಒತ್ತಿದೆ. ಬಲ್ಬು ಝಗ್ಗನೆ ಹೊತ್ತಿತು! ತಂತಿಯಲ್ಲಿ ಬಿದ್ದ ಕೊರತೆಯನ್ನು ಒದ್ದೆ ನೂಲು ತುಂಬಿತ್ತು. ಕರೆದೆ. ಕಿವಿಯಲ್ಲಿ ಮೋರ್ಸ್ ಕುಣಿಯಿತು: "ಕೇಳಿಸ್ತಲೇ! ಕೇಳಿಸ್ತು!" ಕಣ್ಣು ತುಂಬಿ ಬಂತು.

"ಸೆಟ್ ಮಾರೂದಿಲ್ಲ. ಸುರುಳಿ ಹೆಂಗ ಮಾಡಿದಿ?" ಎಂದು ಕೇಳಿದ.

"ನಲವತ್ತಾರು ಸುತ್ತು ತಾಮ್ರ. ಮ್ಯಾಲೆ ಮುತ್ತೈದೇರು ಸುತ್ತಿದ ಹಸಿನೂಲು. ಮನ್ಯಾಕಿ ತೆಗೀಗೊಡವಲ್ಲಳು."

ಮದುವೆ ಎಂದರೆ ಊರು ಬಿಡುತ್ತಿದ್ದ ಆಸಾಮಿ, ತಡೆತಡೆದು ಕುಟ್ಟಿದ:

"ತಾಮ್ರ ಇಲ್ಲೇ ಸಿಗತೈತಿ. ನೂಲು ಸುತ್ತಾಕಿನ್ನ ಹುಡುಕು ಅಂತ ನಮ್ಮವ್ವಗ ಹೇಳು."